ಎರಡನೇ ರಿಂಗಿಗೇ ಎತ್ತಿಸಿಕೊಳ್ಳುವವರು

ನನ್ನ ಹೊಟ್ಟೆಕಿಚ್ಚಿಗೂ ಒಂದು ವೇಳಾಪಟ್ಟಿ ಇದೆ. ಅದು ಎರಡನೇ ರಿಂಗಿಗೆ ಹೊತ್ತಿಕೊಳ್ಳುತ್ತದೆ. ಹಳೆಯ ಗೆಳೆಯ ವಿರುಪಾಕ್ಷಿ ನನ್ನ ಪಡಸಾಲೆಯಲ್ಲಿ, ನನ್ನ ಕುರ್ಚಿಯಲ್ಲಿ, ನನ್ನ ಮನೆಯ ಚಹಾ ಕುಡಿಯುತ್ತ ಯಾರಿಗೋ ಫೋನು ಹಚ್ಚುತ್ತಾನೆ. ಒಂದು ರಿಂಗು ಆಗುತ್ತದೆ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಆ ಕಡೆಯಿಂದ ‘ಹಾಂ, ಹೇಳ್ರಿ ಕಾಕಾ’ ಎಂದು ದನಿ ಬರುತ್ತದೆ. ಅದೇ ಮನುಷ್ಯನಿಗೆ ಅದೇ ದಿನ ನಾನು ಹಚ್ಚಿದರೆ ರಿಂಗು ತನ್ನ ಪೂರ್ಣಾಯುಷ್ಯ ಬಾಳಿ ತೀರಿಕೊಳ್ಳುತ್ತದೆ. ಆಮೇಲೆ ಒಬ್ಬ ಹೆಣ್ಣುಮಗಳು ಮೂರು ಭಾಷೆಗಳಲ್ಲಿ, ನೀವು ಕರೆ ಮಾಡಿದ ಚಂದಾದಾರರು ಉತ್ತರಿಸುತ್ತಿಲ್ಲ ಎನ್ನುತ್ತಾಳೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಲ್ಲಿ ನನ್ನ ಕರೆಗೆ ತಪ್ಪದೆ ಓಗೊಡುತ್ತಿದ್ದವಳು ಅವಳೊಬ್ಬಳೇ.

ಈ ವಯಸ್ಸಿನಲ್ಲಿ ನಾನು ಯಾಕೆ ಊರೂರಿನವರಿಗೆ ಫೋನು ಹಚ್ಚುತ್ತಿದ್ದೆ ಎಂದು ನೀವು ಕೇಳಬಹುದು. ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ದಾಂಡೇಲಿಯ ಕಾಗದದ ಮಿಲ್ಲಿನ ಟೈಂ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೂತು ಎದ್ದವನು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವುದು ನನ್ನ ಕೆಲಸ. ಪಾಳಿ ಶುರುವಾಗುವ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗಿದ ಮೇಲೆ ಐದು ನಿಮಿಷ ರಿಯಾಯಿತಿ. ಆರನೆಯ ನಿಮಿಷಕ್ಕೆ ಕಾಲಿಟ್ಟವನಿಗೆ ಅರ್ಧ ದಿನ ಗೈರು. ಈ ಐದು ನಿಮಿಷವನ್ನೂ ನಾನಾಗಿದ್ದರೆ ಕೊಡುತ್ತಿರಲಿಲ್ಲ, ಅದು ಮೇಲಿನವರ ಮೃದುತ್ವ. ಚಳಿಗಾಲದ ಬೆಳಗ್ಗೆ ಕಾಳಿ ಹೊಳೆಯ ಮಂಜಿನಲ್ಲಿ ಸೈಕಲ್ಲುಗಳ ಗಂಟೆ ಕೇಳಿಸಿದರೆ, ಯಾರ ಗಂಟೆ ಯಾವುದು, ಅವನಿಗಿನ್ನು ಎಷ್ಟು ನಿಮಿಷ ಉಳಿದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ವಿರುಪಾಕ್ಷಿಯ ಸೈಕಲ್ಲಿಗೆ ಗಂಟೆಯೇ ಇರಲಿಲ್ಲ. ಅವನು ಬರುವುದು ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ, ಹಾಡುತ್ತ. ಅವನನ್ನು ಹಿಡಿಯಲು ನಾನು ವರ್ಷಗಟ್ಟಲೆ ಕಾದೆ. ಒಮ್ಮೆಯೂ ಸಿಗಲಿಲ್ಲ. ಗೆಳೆತನವೆಂಬುದು ಹೀಗೂ ಬೆಳೆಯುತ್ತದೆ.

ನಿವೃತ್ತನಾದ ಮೇಲೆ ಮನೆಯಲ್ಲಿ ಮೂರು ಗಡಿಯಾರಗಳಿದ್ದವು, ಮೂರಕ್ಕೂ ಕೆಲಸವಿರಲಿಲ್ಲ. ಹಾಲು ಎಷ್ಟು ಹೊತ್ತಿಗೆ ಬಂತು, ಒಗ್ಗರಣೆ ಎಷ್ಟು ಹೊತ್ತಿಗೆ ಬಿತ್ತು ಎಂದು ಗುರುತು ಹಾಕಿಕೊಳ್ಳತೊಡಗಿದೆ. ಹೆಂಡತಿ ಗಿರಿಜಾ ಒಂದು ವಾರ ನೋಡಿದಳು. ಆಮೇಲೆ, ‘ಅಡಿಗಿಮನಿಗೆ ಹಾಜರಿ ಪುಸ್ತಕ ತಂದ್ರ ನಾ ತೌರಮನಿಗೆ ಹೋಗ್ತೇನಿ ನೋಡ್ರಿ, ಅಲ್ಲಿ ಬಂದು ಗೈರು ಹಾಕ್ರಿ’ ಎಂದು ಹೇಳಿ, ಪುಣೆಯಲ್ಲಿರುವ ತನ್ನ ತಮ್ಮನ ಮಗಳಿಗೆ ನನಗೊಂದು ಕೆಲಸ ಹುಡುಕುವ ಹೊಣೆ ಒಪ್ಪಿಸಿದಳು. ಆ ಹುಡುಗಿ ಹುಡುಕಿ ಕೊಟ್ಟದ್ದೇ ಈ ಗುಪ್ತ ಗಿರಾಕಿಯ ಕೆಲಸ.

ಗುಪ್ತ ಗಿರಾಕಿ ಎಂದರೆ ಗಿರಾಕಿಯಲ್ಲದ ಗಿರಾಕಿ. ನಮ್ಮ ಕಡೆಯ ಸಣ್ಣ ಊರುಗಳಲ್ಲೂ ಈಗ ಮೂರು ಮಹಡಿ ನಾಲ್ಕು ಮಹಡಿಯ ಬಾಡಿಗೆ ಫ್ಲ್ಯಾಟುಗಳು ಎದ್ದಿವೆ. ಮಾಲಕರು ಎಲ್ಲೋ ಇರುತ್ತಾರೆ. ಬಾಡಿಗೆಗೆ ಕೊಡುವ ವ್ಯವಹಾರವನ್ನು ದೂರದ ಒಂದು ಕಂಪನಿ ನೋಡಿಕೊಳ್ಳುತ್ತದೆ. ಆ ಕಂಪನಿ ಪ್ರತಿ ಕಟ್ಟಡಕ್ಕೆ ಸ್ಥಳೀಯನೊಬ್ಬನನ್ನು ಇಟ್ಟು, ಅವನ ಫೋನು ನಂಬರನ್ನು ಜಾಹೀರಾತಿನಲ್ಲಿ ಹಾಕುತ್ತದೆ. ಮನೆ ಕೇಳಿ ಬಂದವರಿಗೆ ಅವನು ಫೋನು ಎತ್ತುತ್ತಾನೋ, ನೆಟ್ಟಗೆ ಮಾತಾಡುತ್ತಾನೋ, ನಲ್ಲಿ ತಿರುಗಿಸಿ ನೀರು ತೋರಿಸುತ್ತಾನೋ ಎಂದು ಗುಟ್ಟಾಗಿ ನೋಡಿ ಬರಲು ಪುಣೆಯ ಏಜೆನ್ಸಿ ನಮ್ಮಂಥವರನ್ನು ಕಳಿಸುತ್ತದೆ. ನಾವು ಮನೆ ಹುಡುಕುವವರ ಸೋಗು ಹಾಕಿ, ಮನೆ ನೋಡಿ, ಹೊರಗೆ ಬಂದು ಫಾರ್ಮು ತುಂಬಬೇಕು.

ಫಾರ್ಮು! ಹನ್ನೆರಡು ಪುಟ, ನಲವತ್ತಕ್ಕೂ ಹೆಚ್ಚು ಕಾಲಂ. ಮೊದಲ ಸಲ ಅದನ್ನು ಕಂಡಾಗ ನನಗೆ ನಿವೃತ್ತಿಯ ಮರುದಿನದಿಂದ ಮುಚ್ಚಿದ್ದ ಮೂಗು ತೆರೆದಂತಾಯಿತು. ಅದರಲ್ಲೂ ನನಗೆ ಹಿಡಿಸಿದ್ದು ಸಿಗದವರನ್ನು ಹಿಡಿಯುವ ನಿಯಮ. ಫೋನು ಎತ್ತದವನಿಗೆ ಮೂರು ದಿನ, ದಿನಕ್ಕೆ ಒಂದೇ ಸಲ, ಮೂರು ಬೇರೆ ಬೇರೆ ಹೊತ್ತಿನಲ್ಲಿ, ನಮ್ಮದೇ ನಂಬರಿನಿಂದ ಕರೆ ಮಾಡಬೇಕು. ಮೂರೂ ವಿಫಲವಾದರೆ ಖುದ್ದಾಗಿ ಹೋಗಬೇಕು. ಪ್ರತಿ ಕರೆಯ ವೇಳೆ ಬರೆಯಬೇಕು. ನಾನು ಮೊದಲ ದಿನ ಹತ್ತೂಕಾಲು, ಎರಡನೇ ದಿನ ಒಂದೂಕಾಲು, ಮೂರನೇ ದಿನ ಐದೂಕಾಲು ಎಂದು ಗೊತ್ತುಮಾಡಿ, ಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಹತ್ತು ಗಂಟೆಗೆ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿದು ಇಸ್ತ್ರಿಯ ಅಂಗಿ ತೊಟ್ಟು ಫೋನಿನ ಮುಂದೆ ಕೂತಿರುತ್ತಿದ್ದೆ. ‘ಫೋನಿನ್ಯಾಗ ಅಂಗಿ ಕಾಣೂದಿಲ್ರಿ’ ಎಂದು ಗಿರಿಜಾ ನೆನಪಿಸುತ್ತಿದ್ದಳು. ಅಂಗಿ ಅವರಿಗಾಗಿ ಅಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ನಾನೇ ಒಂದು ತಪ್ಪು ಮಾಡಿದೆ. ವಿರುಪಾಕ್ಷಿಗೆ ಹೇಳಿದೆ. ಹೇಳಿದ್ದು ಉದ್ಧಾರ ಮಾಡಲಿಕ್ಕಲ್ಲ, ಜಂಭ ಕೊಚ್ಚಲಿಕ್ಕೆ. ಅವನು ಪೂರ್ತಿ ಕೇಳಿ, ‘ಮನಿ ನೋಡೂದು, ಮಂದಿ ಕೂಡ ಮಾತಾಡೂದು, ಇಷ್ಟ ಅಲ್ಲೇನೋ? ಇದನ್ನ ನಾ ದಿನಾ ಸುಮ್ನನ ಮಾಡ್ತೇನಲ್ಲೋ ಮಾರಾಯಾ’ ಎಂದ. ಮುಂದಿನ ತಿಂಗಳು ಅವನೂ ಗುಪ್ತ ಗಿರಾಕಿಯಾಗಿದ್ದ.

ಕನ್ನಡದಲ್ಲಿ ದೂರವನ್ನು ಹೇಳಲು ಕೂಗಳತೆ ಎಂಬ ಒಂದು ಹಳೆಯ ಮಾತಿದೆ. ಇಲ್ಲಿ ಕೂಗಿದರೆ ಅಲ್ಲಿ ಕೇಳಬೇಕು, ಅಷ್ಟು ದೂರ. ಈ ಅಳತೆಯನ್ನು ಕಂಡುಹಿಡಿದವನು ಖಂಡಿತ ನನ್ನಂಥವನಲ್ಲ. ನಾನಾಗಿದ್ದರೆ ಯಾರ ಗಂಟಲು, ಗಾಳಿ ಯಾವ ದಿಕ್ಕಿಗೆ, ಕೇಳುವವನ ಕಿವಿಯ ಸ್ಥಿತಿ ಏನು ಎಂದು ಮೂರು ಕಾಲಂ ಹಾಕದೆ ಬಿಡುತ್ತಿರಲಿಲ್ಲ. ಆದರೆ ಆ ಮಾತಿನೊಳಗೆ ಒಂದು ದೊಡ್ಡ ನಂಬಿಕೆ ಕೂತಿದೆ. ಕೂಗಿದರೆ ಕೇಳುತ್ತದೆ, ಕೇಳಿದವರು ಓ ಎನ್ನುತ್ತಾರೆ ಎಂಬ ನಂಬಿಕೆ. ಮಿಲ್ಲಿನ ಭೋಂಗಾ ಕೂಗಿದರೆ ನಮ್ಮ ಇಡೀ ಊರು ಒಂದೇ ಕೂಗಳತೆಯೊಳಗೆ ಇರುತ್ತಿತ್ತು. ಅದಕ್ಕೆ ಓ ಎನ್ನದೆ ಇರುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರ ಜೇಬಿನಲ್ಲಿ ಒಂದೊಂದು ಭೋಂಗಾ ಬಂದ ಮೇಲೆ ಕೂಗು ಲೋಕಕ್ಕೆಲ್ಲ ಮುಟ್ಟುತ್ತದೆ, ಓ ಎನ್ನುವುದು ಮಾತ್ರ ಅವರವರ ಮರ್ಜಿ. ಹೀಗೆಲ್ಲ ನಾನು ತಾತ್ವಿಕವಾಗಿ ಯೋಚಿಸಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ವಿರುಪಾಕ್ಷಿಗೆ ಎಲ್ಲರೂ ಓ ಎನ್ನುತ್ತಿದ್ದುದರಿಂದ ನನ್ನ ತತ್ವ ಹೆಚ್ಚು ದಿನ ನಿಲ್ಲಲಿಲ್ಲ.

ಮುಂಡಗೋಡದ ಪ್ರಸಂಗ ಹೇಳುತ್ತೇನೆ. ಟಿಬೆಟನ್ ಕಾಲೊನಿಗೆ ಹೋಗುವ ದಾರಿಯ ಒಂದು ಕಟ್ಟಡದ ಫ್ಲ್ಯಾಟುಗಳನ್ನು ಗೋವಿನಜೋಳದ ವ್ಯಾಪಾರಿಯೊಬ್ಬ ನೋಡಿಕೊಳ್ಳುತ್ತಿದ್ದ. ಹತ್ತೂಕಾಲು, ಒಂದೂಕಾಲು, ಐದೂಕಾಲು, ಮೂರೂ ದಿನ ಉತ್ತರವಿಲ್ಲ. ನಿಯಮದ ಪ್ರಕಾರ ಬಸ್ಸು ಹತ್ತಿ ಹೋದೆ. ಮನುಷ್ಯ ತನ್ನ ಅಂಗಡಿಯಲ್ಲೇ, ತೂಕದ ಕಾಟಾದ ಮುಂದೆ, ಚೀಲಗಳ ನಡುವೆ ನಿಂತಿದ್ದ. ಫೋನು ಗಲ್ಲಾಪೆಟ್ಟಿಗೆಯೊಳಗೆ ಚೀಟಿಗಳ ಕೆಳಗೆ ಮಲಗಿತ್ತು. ನಾನು ಮನೆ ಹುಡುಕುವವನ ಸೋಗಿನಲ್ಲಿ, ಮೂರು ಸಲ ಫೋನು ಮಾಡಿದ್ದೆನಲ್ಲ ಎಂದು ಮೆಲ್ಲಗೆ ಆಕ್ಷೇಪಿಸಿದೆ. ಅವನಿಗೆ ಪ್ರಾಮಾಣಿಕವಾಗಿ ಆಶ್ಚರ್ಯವಾಯಿತು. ‘ಸುಗ್ಗ್ಯಾಗ ಯಾರ್ರೀ ಫೋನ್ ಎತ್ತತಾರ? ಖರೇನ ಬೇಕಾದವ್ರು ಬಂದ ಬರ್ತಾರಲ್ರಿ. ನೀವು ಬಂದಿರಿಲ್ಲ?’ ಎಂದ. ನಾನು ಬಂದಿದ್ದೆ.

ಅದೇ ವ್ಯಾಪಾರಿಯನ್ನು ಮುಂದಿನ ಸುತ್ತಿನಲ್ಲಿ ವಿರುಪಾಕ್ಷಿಗೆ ಕೊಟ್ಟರು. ಅವನೂ ಒಮ್ಮೆ ಹಚ್ಚಿದ, ಎತ್ತಲಿಲ್ಲ. ಕೂಡಲೇ ಎದುರಿನ ಚಹಾದಂಗಡಿಯವನಿಗೆ ಹಚ್ಚಿದ. ಆ ಚಹಾದಂಗಡಿಯವನ ನಂಬರು ಇವನ ಹತ್ತಿರ ಯಾಕಿತ್ತು? ಯಾವುದೋ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದನಂತೆ. ಅವನು ರಸ್ತೆ ದಾಟಿ ಹೋಗಿ, ಚೀಲ ಹಿಡಿದು ಎರಡೂ ಕೈ ತುಂಬಿದ್ದ ವ್ಯಾಪಾರಿಯ ಕಿವಿಗೆ ತನ್ನ ಫೋನನ್ನು ಹಿಡಿದು ನಿಂತನಂತೆ. ಫೋನಿನ ಪರೀಕ್ಷೆ ಮುಗಿಯಿತು. ಜೋಯಿಡಾದ ಕಡೆಯದೂ ಅಷ್ಟೇ. ಅಲ್ಲಿನ ಒಬ್ಬನಿಗೆ ಮನೆಯಲ್ಲಿ ನೆಟ್‌ವರ್ಕು ಇಲ್ಲ. ಸಂಜೆ ಹಾಲಿನ ಕ್ಯಾನು ಕೊಡಲು ಡಾಂಬರು ರಸ್ತೆಯ ತಿರುವಿಗೆ ಬಂದಾಗ ಅರ್ಧ ತಾಸು ಮಾತ್ರ ಅವನು ಲೋಕಕ್ಕೆ ಸಿಗುತ್ತಾನೆ. ಆ ಅರ್ಧ ತಾಸು ಆರು ಗಂಟೆಗೆ ಶುರುವಾಗುತ್ತದೆ, ನನ್ನ ಪಟ್ಟಿ ಐದೂಕಾಲಿಗೆ ಮುಗಿಯುತ್ತದೆ. ನಾನು ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಬರೆದೆ. ವಿರುಪಾಕ್ಷಿ ಬಸ್ಸಿನ ಕಂಡಕ್ಟರನನ್ನು ಕೇಳಿ ತಿಳಿದು, ಆರೂಹತ್ತಕ್ಕೆ ಹಚ್ಚಿ, ಬಾರದ ಕೊಂಕಣಿಯಲ್ಲಿ ಅವನನ್ನು ನಗಿಸಿ, ಬರುವಾಗ ಒಂದು ಹಲಸಿನಹಣ್ಣು ತಂದ. ಅದರ ಕಾಲು ಭಾಗ ನಮ್ಮ ಮನೆಗೇ ಬಂತು. ತೊಳೆಗಳು ರುಚಿಯಾಗಿದ್ದವು ಎಂದು ಬರೆಯಲು ನನಗೆ ಈಗಲೂ ಕಷ್ಟವಾಗುತ್ತದೆ.

ಇದೇ ವಿಷಯವನ್ನು ಗಿರಿಜಾ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದಳು. ‘ಅವ್ರು ಫೋನ್ ಹಚ್ಚತಾರ್ರಿ. ನೀವು ಭೋಂಗಾ ಹೊಡೀತೀರಿ.’ ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಹೊಟ್ಟೆಕಿಚ್ಚಿನಲ್ಲಿ ತಾರತಮ್ಯ ನೋಡುವ ಕಣ್ಣು ಭಾರಿ ಚುರುಕಾಗುತ್ತದೆ. ಪುಣೆಯ ಏಜೆನ್ಸಿಯ ಮೇಲ್ವಿಚಾರಕಿ, ಮೂಲತಃ ಬೆಳಗಾವಿಯ ಕಡೆಯ ಹುಡುಗಿ, ನನ್ನನ್ನು ‘ಸರ್’ ಎನ್ನುತ್ತಿದ್ದಳು, ಅವನನ್ನು ‘ಕಾಕಾ’ ಎನ್ನುತ್ತಿದ್ದಳು. ನನ್ನ ವರದಿಗಳನ್ನು ‘ಪರ್ಫೆಕ್ಟ್’ ಎನ್ನುತ್ತಿದ್ದಳು. ಅವನ ವರದಿಗಳನ್ನು ಓದುವಾಗ ನಗುತ್ತಿದ್ದಳಂತೆ. ಅವನು ಫಾರ್ಮು ತುಂಬುತ್ತಿದ್ದುದು ಗುಳಿಗೆಯ ಡಬ್ಬಿಯ ಹಿಂಬದಿಯಲ್ಲಿ ಗೀಚಿದ ಟಿಪ್ಪಣಿ ನೋಡಿ. ನಾನು ಪ್ರತಿ ಊರಿಗೆ ಒಂದು ನೋಟುಬುಕ್ಕು ಇಟ್ಟಿದ್ದೆ. ಪರ್ಫೆಕ್ಟ್ ಎನ್ನಿಸಿಕೊಂಡವನಿಗಿಂತ ನಗಿಸಿದವನ ಪಾಲಿಗೆ ಹೆಚ್ಚು ಬಂದಂತೆ ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ. ಅನ್ನಿಸಿತು.

ಹೀಗಿರುವಾಗ ಒಂದು ದಿನ ಆ ಹುಡುಗಿ ಇಬ್ಬರಿಗೂ ಒಂದೇ ಸುದ್ದಿ ಹೇಳಿದಳು. ಇನ್ನು ಮುಂದೆ ನಾಲ್ಕು ತಾಲೂಕಿಗೆ ಒಬ್ಬರೇ ಗುಪ್ತ ಗಿರಾಕಿ. ಯಾರು ಎಂದು ತೀರ್ಮಾನಿಸಲು, ಹಳಿಯಾಳದ ಒಂದೇ ಕಟ್ಟಡವನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿ ವರದಿ ಕೊಡಬೇಕು.

ಅವತ್ತು ನನಗೆ ಊಟ ರುಚಿಸಲಿಲ್ಲ. ಈ ಕೆಲಸ ಹೋದರೆ ಹೊಟ್ಟೆಬಟ್ಟೆಗೆ ಏನೂ ಆಗುತ್ತಿರಲಿಲ್ಲ. ಹತ್ತೂಕಾಲು ಹೋಗುತ್ತಿತ್ತು. ಬೆಳಗ್ಗೆ ಎದ್ದವನಿಗೆ ಹತ್ತೂಕಾಲಿಗೆ ಮಾಡಬೇಕಾದ್ದು ಒಂದಿದೆ ಎಂಬ ಭರವಸೆಯ ಮೇಲೆ ನಾನು ಉಳಿದ ಇಡೀ ದಿನವನ್ನು ನಿಲ್ಲಿಸಿಕೊಂಡಿದ್ದೆ. ಅದನ್ನು ತೆಗೆದರೆ ಮತ್ತೆ ಒಗ್ಗರಣೆಯ ವೇಳೆ ಬರೆಯುವುದೇ ಗತಿ. ವಿರುಪಾಕ್ಷಿಗೆ ಹಾಗಲ್ಲ. ಅವನಿಗೆ ಬದುಕಲು ಗಡಿಯಾರವೇ ಬೇಡ.

ಏಜೆನ್ಸಿ ನಮಗೆ ಕೊಟ್ಟದ್ದು ಕಟ್ಟಡದ ವಿಳಾಸ, ಒಂದು ಫೋನು ನಂಬರು, ‘ಸ್ಥಳೀಯ ಪ್ರತಿನಿಧಿ’ ಎಂಬ ಎರಡು ಪದ. ಹೆಸರಿಲ್ಲ. ವಿರುಪಾಕ್ಷಿ ಅವತ್ತೇ ನಮ್ಮ ಮನೆಗೆ ಬಂದು, ನನ್ನ ಕುರ್ಚಿಯಲ್ಲಿ ಕೂತು, ಹಚ್ಚಿದ. ಎರಡನೇ ರಿಂಗು. ಆ ಕಡೆಯ ದನಿ ಕೇಳಿ ಅವನ ಮುಖ ಅರಳಿತು. ‘ಅಲ್ಲಲೇ, ನೀ ಏನೋ!’ ಎಂದವನು ಎದ್ದು ಅಂಗಳಕ್ಕೆ ಹೋಗಿ ಕಾಲು ತಾಸು ನಕ್ಕು ಬಂದ. ಯಾರದು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗುಪ್ತ ಗಿರಾಕಿಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಬಾರದು ಎಂಬ ನಿಯಮವನ್ನು ಅವನಿಗೆ ಮೂರು ಸಲ ಪಾಠ ಹೇಳಿದವನು ನಾನೇ. ನನ್ನ ಮುಖ ನೋಡಿ ಅವನೇ, ‘ಹೇಳಬಾರ್ದಲ್ಲೋ ದೋಸ್ತ. ನಿಯಮ ಐತೆಲ್ಲ’ ಎಂದು ಚಹಾದ ಬಸಿ ಕೆಳಗಿಟ್ಟ.

ನಾನು ಮರುದಿನ ಹತ್ತೂಕಾಲಿಗೆ ಹಚ್ಚಿದೆ. ಎತ್ತಲಿಲ್ಲ. ಎರಡನೇ ದಿನ ಒಂದೂಕಾಲಿಗೆ ಹಚ್ಚಿದೆ. ಎತ್ತಲಿಲ್ಲ. ಮೂರನೇ ದಿನ ಐದೂಕಾಲಿಗೆ ಹಚ್ಚುವ ಮೊದಲು, ನಿಯಮದಲ್ಲಿ ಇಲ್ಲದಿದ್ದರೂ, ದೇವರಿಗೆ ಕೈ ಮುಗಿದೆ. ಮೂರು ಭಾಷೆಯ ಹೆಣ್ಣುಮಗಳು ಎಂದಿನಂತೆ ಮಾತಾಡಿದಳು.

ನಾಲ್ಕನೇ ದಿನ ಬೆಳಗಿನ ಬಸ್ಸಿಗೆ ಹಳಿಯಾಳಕ್ಕೆ ಹೊರಟೆ. ದಾರಿಯುದ್ದಕ್ಕೂ ನನ್ನ ಸೋಗಿನ ಕತೆಯನ್ನು ಮನಸ್ಸಿನಲ್ಲೇ ಉರುಹೊಡೆದೆ. ತಂಗಿಯ ಮಗನಿಗೆ ಹಳಿಯಾಳಕ್ಕೆ ವರ್ಗ, ಎರಡು ಕೋಣೆಯ ಮನೆ ಬೇಕು, ನೆಲಮಹಡಿಯಾದರೆ ಒಳ್ಳೆಯದು. ಕಟ್ಟಡ ಸುಲಭವಾಗಿ ಸಿಕ್ಕಿತು. ಬಣ್ಣ ಇನ್ನೂ ಹೊಸದು. ಮೆಟ್ಟಿಲ ಕೆಳಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಬ್ಬ ಕೂತು ಶೇಂಗಾ ಸುಲಿಯುತ್ತಿದ್ದ. ನನ್ನನ್ನು ಕಂಡದ್ದೇ ತಡ, ಶೇಂಗಾ ಚೆಲ್ಲಿ ಎದ್ದು ನಿಂತ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ, ಗೋಡೆಯ ಗಡಿಯಾರದ ಕಡೆ ನೋಡಿದ.

‘ಎಂಟಕ್ಕ ಬಂದೇನ್ರಿ ಸಾಹೇಬ್ರ. ಬೇಕಾದ್ರ ಮ್ಯಾಲಿನ ಮನಿಯವ್ರನ್ನ ಕೇಳ್ರಿ.’

ನಾಗಪ್ಪ. ಮಿಲ್ಲಿನಲ್ಲಿ ಕಾಗದ ಕತ್ತರಿಸಿ ಕಟ್ಟುವ ವಿಭಾಗದಲ್ಲಿದ್ದವನು. ಹಾಜರಿ ಪುಸ್ತಕದ ಅವನ ಟಿಕೆಟ್ ನಂಬರು ನನಗೆ ಕೂಡಲೇ ನೆನಪಾಯಿತು, ಹೆಸರು ಆಮೇಲೆ ಬಂತು. ನಾನು ತಂಗಿಯ ಮಗನ ಕತೆಯನ್ನು ಶುರುಮಾಡಿದೆ. ಶುರುಮಾಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನಗೆ ಆಗದು. ನಾಗಪ್ಪನೂ ಅಷ್ಟೇ ಗಂಭೀರವಾಗಿ ಕೇಳಿದ. ಬೀಗದ ಕೈ ತಂದು ಮನೆ ತೋರಿಸಿದ. ಒಂದೊಂದು ನಲ್ಲಿ ತಿರುಗಿಸಿದ, ಒಂದೊಂದು ಸ್ವಿಚ್ಚು ಒತ್ತಿದ. ಯಾವ ಕಿಟಕಿಯಿಂದ ಬೆಳಗಿನ ಬಿಸಿಲು ಬರುತ್ತದೆ, ನೀರು ಯಾವ ಹೊತ್ತಿಗೆ ಬಿಡುತ್ತಾರೆ, ಬಾಗಿಲಿನ ಕೆಳಗೆ ಎಲ್ಲಿ ಸ್ವಲ್ಪ ಸಂದು ಇದೆ ಎಂಬುದನ್ನೂ ಮುಚ್ಚಿಡದೆ ಹೇಳಿದ. ನನ್ನ ಫಾರ್ಮಿನ ಎಲ್ಲ ಕಾಲಮ್ಮುಗಳಿಗೂ ಪೂರ್ತಿ ಅಂಕ ಕೊಡಬೇಕಾದಂಥ ಪ್ರತಿನಿಧಿಯನ್ನು ನಾನು ಕಂಡದ್ದು ಅದೇ ಮೊದಲು. ಒಂದು ಕಾಲಂ ಮಾತ್ರ ಖಾಲಿ ಉಳಿದಿತ್ತು.

ಕೆಳಗಿಳಿದು ಬಂದ ಮೇಲೆ ಅವನೇ ಮೆಲ್ಲಗೆ ಹೇಳಿದ. ‘ಮೊನ್ನೆ ವಿರುಪಾಕ್ಷಣ್ಣ ಬಂದಿದ್ದ್ರಿ. ಕಂಪನಿಯವ್ರು ಗುಟ್ಟಾಗಿ ನೋಡ್ಕೊಂಡ ಬಾ ಅಂದಾರ, ಚಲೋತ್ನ್ಯಾಗ ತೋರ್ಸಪಾ ಅಂದ. ನೀವೂ ಅದಕ್ಕ ಬಂದೀರೇನ್ರಿ?’

ಎಷ್ಟೋ ವರ್ಷ ಕಾದಿದ್ದ ಐದನೆಯ ನಿಮಿಷ ಅವತ್ತು ದಾಟಿತು. ವಿರುಪಾಕ್ಷಿ ಸಿಕ್ಕಿಬಿದ್ದಿದ್ದ. ಗುಪ್ತ ಗಿರಾಕಿ ತನ್ನ ಗುಟ್ಟನ್ನು ತಾನೇ ಹೇಳಿದರೆ ಮರುಮಾತಿಲ್ಲದೆ ಕೆಲಸ ಹೋಗುತ್ತದೆ, ಅದು ಫಾರ್ಮಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿದೆ. ನಾನು ಒಂದು ಸಾಲು ಬರೆದರೆ ಸಾಕಿತ್ತು. ಹೊಟ್ಟೆಯಲ್ಲಿ ಅಷ್ಟು ದಿನದಿಂದ ಉರಿಯುತ್ತಿದ್ದುದು ತಂಪಾಗಿ, ಮಜ್ಜಿಗೆ ಕುಡಿದಂತಾಯಿತು. ಆ ಸುಖದಲ್ಲೇ ನಾನು ನಾಗಪ್ಪನನ್ನು, ನನ್ನ ಫೋನು ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ಸುಮ್ಮನೆ ಕಾಲಂ ತುಂಬಲು ಕೇಳಿದೆ.

ನಾಗಪ್ಪ ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ನನ್ನ ಮೂರು ಕರೆಗಳು ಸಾಲಾಗಿ ನಿಂತಿದ್ದವು. ಮೂರರ ಮುಂದೆಯೂ ಒಂದೇ ಹೆಸರು ‘ಟೈಂ ಆಫೀಸ್’. ಮಿಲ್ಲಿನ ನಿವೃತ್ತರ ಸಭೆ ಕರೆಯುವ ಚೀಟಿಗಳ ಮೇಲೆ ಒಂದು ಕಾಲಕ್ಕೆ ನನ್ನ ನಂಬರು ಅಚ್ಚಾಗುತ್ತಿತ್ತು. ಹತ್ತು ಗಂಟೆಗೆ ಸರಿಯಾಗಿ ಸಭೆ, ತಡವಾದವರು ಹೊರಗೆ ನಿಲ್ಲತಕ್ಕದ್ದು ಎಂದು ಅದರಲ್ಲಿ ನಾನೇ ಬರೆಸಿದ್ದೆ. ಎಲ್ಲರೂ ನಂಬರನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ಎತ್ತದೆ ಇರಲು.

‘ಸಿಟ್ಟಿಲ್ರಿ ಸಾಹೇಬ್ರ’ ಎಂದ ನಾಗಪ್ಪ. ‘ನಮ್ಮ ಹಿರೇ ಮಗಳು ಹುಟ್ಟಿದ ದಿನಾ ದವಾಖಾನಿಯಿಂದ ಓಡಿ ಬಂದಿದ್ದೆ. ಹನ್ನೊಂದು ನಿಮಿಷ ತಡಾ ಆಗಿತ್ತು. ನೀವು ಗಡಿಯಾರ ನೋಡಿದ್ರಿ, ಅರ್ಧ ದಿನಾ ಅಂದ್ರಿ. ಮಗಳು ಹುಟ್ಯಾಳ ಅಂತ ಹೇಳೂಣು ಅಂದ್ರ ನೀವು ಬರ್ಯಾಕತ್ತಿದ್ರಿ. ನಿಮ್ಮದೇನ ತಪ್ಪಿಲ್ರಿ, ನಿಯಮ ಇತ್ತು. ಆದ್ರ ಈಗೂ ನಿಮ್ಮ ಫೋನ್ ಬಂದ್ರ ಮೊದಲ ಗಡಿಯಾರ ನೋಡ್ತೇನ್ರಿ. ಎತ್ತಿದ್ರ ಎಷ್ಟ್ ನಿಮಿಷ ತಡಾ ಅಂತ ಹೇಳ್ತೀರೇನೋ ಅನಸ್ತೈತಿ. ಅದಕ್ಕ ಫೋನ್ ಇಲ್ಲೇ ಇಟ್ಟು, ರಿಂಗ್ ನಿಲ್ಲೂತನಾ ಹೊರಗ ಹೋಗಿ ನಿಲ್ತೇನ್ರಿ.’

ಅವನು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಯುವವರಿಗೆ ನಿಯಮ ತೋರಿಸಬಹುದು. ನಿಯಮವನ್ನು ತಾನೇ ಮುಂದಿಟ್ಟು ನನ್ನನ್ನು ಬಿಡುಗಡೆ ಮಾಡಿದವನಿಗೆ ಏನು ತೋರಿಸುವುದು? ನಾನು ಆ ದಿನವನ್ನು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ನನ್ನ ಮಟ್ಟಿಗೆ ಅದು ಸರಿಯಾಗಿ ತುಂಬಿದ ಒಂದು ಸಾಲು, ಅಷ್ಟೇ. ಮಗಳು ಈಗ ಎಲ್ಲಿದ್ದಾಳೆ ಎಂದು ಕೇಳಿದೆ. ಇದೇ ಊರಿನಲ್ಲಿ ಟೀಚರಾಗಿದ್ದಾಳಂತೆ. ಹೆಸರು ರೇಣುಕಾ. ಕೇಳಲು ಬಹಳ ತಡ ಮಾಡಿದ್ದೆ, ಎಷ್ಟು ನಿಮಿಷವೆಂದು ನಾಗಪ್ಪ ಲೆಕ್ಕ ಹೇಳಲಿಲ್ಲ.

ಹೊರಡುವಾಗ, ಫೋನಿನಲ್ಲಿ ನನ್ನ ಹೆಸರನ್ನಾದರೂ ಬದಲಿಸು ಮಾರಾಯ, ಟೈಂ ಆಫೀಸ್ ತೆಗೆದು ನನ್ನ ಹೆಸರು ಹಾಕು ಎಂದೆ. ಅವನು ಬೆರಳನ್ನು ಪರದೆಯ ಮೇಲೆ ಸಿದ್ಧವಾಗಿ ಹಿಡಿದು ನನ್ನ ಮುಖ ನೋಡಿದ. ಆಮೇಲೆ ಬಹಳ ಸಂಕೋಚದಿಂದ, ‘ಹೆಸರ ಏನ್ರಿ ಸಾಹೇಬ್ರ?’ ಎಂದ.

ಹೇಳಿದೆ. ಒಂದೊಂದೇ ಅಕ್ಷರ ಒತ್ತಿ ಬರೆದುಕೊಂಡ.

ಹಳಿಯಾಳದ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಫಾರ್ಮು ತೆಗೆದೆ. ಮನೆ ತೋರಿಸಿದ್ದು, ಮಾತು, ನಲ್ಲಿ, ಸ್ವಿಚ್ಚು ಎಲ್ಲಕ್ಕೂ ಪೂರ್ತಿ ಅಂಕ. ಉಳಿದದ್ದು ‘ಫೋನಿನಲ್ಲಿ ಸಂಪರ್ಕ ಸಿಗದಿದ್ದರೆ ಕಾರಣ’ ಎಂಬ ಕಾಲಂ. ಅದರಲ್ಲಿ ಸ್ವಿಚ್ ಆಫ್, ವ್ಯಾಪ್ತಿಯ ಹೊರಗೆ, ಪ್ರತಿನಿಧಿಯ ನಿರ್ಲಕ್ಷ್ಯ, ಇತರೆ ಎಂದು ನಾಲ್ಕು ಚೌಕಗಳಿದ್ದವು. ನಿರ್ಲಕ್ಷ್ಯಕ್ಕೆ ಗುರುತು ಹಾಕಿದರೆ ನನ್ನ ವರದಿ ಗಟ್ಟಿಯಾಗುತ್ತಿತ್ತು. ಮೂರು ಸಲ ಎತ್ತಲಿಲ್ಲ ಎಂಬುದು ಸುಳ್ಳೇನಲ್ಲ. ಪೆನ್ನು ಆ ಚೌಕದ ಮೇಲೆ ಬಹಳ ಹೊತ್ತು ನಿಂತಿತ್ತು. ಕಡೆಗೆ ‘ಇತರೆ’ಯ ಮುಂದಿನ ಖಾಲಿ ಗೆರೆಯ ಮೇಲೆ ಬರೆದೆ, ‘ಕರೆ ಮಾಡಿದವರು.’ ಇಷ್ಟು ವರ್ಷದಲ್ಲಿ ನಾನು ನನ್ನ ಹೆಸರಿನ ಮುಂದೆ ಹಾಕಿಕೊಂಡ ಮೊದಲ ಗೈರು ಅದು.

ವಿರುಪಾಕ್ಷಿಯ ವಿಷಯ ನಾನು ಬರೆಯಲಿಲ್ಲ. ಅದು ನನ್ನ ದೊಡ್ಡತನ ಎಂದು ನೀವು ನಂಬಿದರೆ ನನಗೆ ಸಂತೋಷವೇ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅವನ ವಿಷಯ ಬರೆಯಲು ಫಾರ್ಮಿನಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನಾನು ಎಂದೂ ಬರೆದವನಲ್ಲ. ಹನ್ನೆರಡೂ ಪುಟಗಳನ್ನು ಎರಡು ಸಲ ತಿರುವಿದೆ, ಹಿಂಬದಿಯನ್ನೂ ನೋಡಿದೆ. ಮೂರನೇ ಸಲ ತಿರುವಬೇಕೆನ್ನುವಷ್ಟರಲ್ಲಿ ದಾಂಡೇಲಿಯ ಬಸ್ಸು ಬಂತು. ಅದು ಐದು ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಸಮಯಕ್ಕೆ ಸರಿಯಾಗಿ ಬಂತು, ಆ ಬಸ್ಸಿಗೆ ವಿರುಪಾಕ್ಷಿ ಋಣಿಯಾಗಿರಬೇಕು.

ಒಂದು ವಾರದ ಮೇಲೆ ಪುಣೆಯ ಮೇಲ್ವಿಚಾರಕಿ ಫೋನು ಮಾಡಿದಳು. ವರದಿ ಕೈಸೇರಿದಾಗಲೇ ಅವಳು ಆ ‘ಕರೆ ಮಾಡಿದವರು’ ಎಂದರೇನೆಂದು ಕೇಳಿ, ನನ್ನಿಂದ ಟೈಂ ಆಫೀಸಿನ ಕತೆ ತಿಳಿದುಕೊಂಡಿದ್ದಳು. ನನ್ನ ವರದಿಯಷ್ಟು ಪ್ರಾಮಾಣಿಕವಾದದ್ದನ್ನು ತಾವು ನೋಡಿಯೇ ಇಲ್ಲವೆಂದು ಎಲ್ಲರೂ ಹೇಳಿದರಂತೆ. ಆದರೆ ಕರೆ ಮಾಡಿದವರನ್ನೇ ಊರೆಲ್ಲ ಗುರುತಿಸುವಾಗ ಗುಪ್ತ ಕೆಲಸ ಕಷ್ಟವಲ್ಲವೇ ಸರ್, ಆದ್ದರಿಂದ ವಿರುಪಾಕ್ಷಿ ಕಾಕಾ ಅವರಿಗೆ ಕೊಡುತ್ತಿದ್ದೇವೆ ಎಂದಳು. ಅವನನ್ನು ಊರೆಲ್ಲ ಇನ್ನೂ ಚೆನ್ನಾಗಿ ಗುರುತಿಸುತ್ತದೆ ಎಂಬ ಮಾತು ಗಂಟಲಿನವರೆಗೆ ಬಂತು. ನುಂಗಿದೆ. ಅದು ಎಲ್ಲಿಗೆ ಇಳಿಯಿತೋ ಅಲ್ಲಿ ಈಗಲೂ ಉರಿಯುತ್ತಿದೆ. ವಿರುಪಾಕ್ಷಿ ಪೇಢೆ ತಂದು ಕೊಟ್ಟು, ‘ಫಾರ್ಮ್ ತುಂಬಾಕ ನೀನ ಬೇಕಲೇ ನನಗ’ ಎಂದ. ಒಂದು ಪೇಢೆ ತೆಗೆದುಕೊಂಡೆ. ಫಾರ್ಮಿನ ಬಗ್ಗೆ ಯೋಚಿಸಿ ಹೇಳುತ್ತೇನೆಂದೆ. ಇನ್ನೂ ಯೋಚಿಸುತ್ತಿದ್ದೇನೆ.

ಮರುದಿನ ಬೆಳಗ್ಗೆ ಎಂದಿನಂತೆ ಇಸ್ತ್ರಿಯ ಅಂಗಿ ತೊಟ್ಟು ಕೂತೆ. ಹಚ್ಚಲು ಯಾವ ನಂಬರೂ ಇರಲಿಲ್ಲ. ಗಿರಿಜಾ ಅಡಿಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋದಳು. ಸರಿಯಾಗಿ ಹತ್ತೂಕಾಲಿಗೆ ನನ್ನ ಫೋನು ಹೊಡೆದುಕೊಂಡಿತು. ನಾಗಪ್ಪ. ಅವನಿಗೆ ನನ್ನ ಹತ್ತಿರ ಏನೂ ಕೆಲಸವಿರಲಿಲ್ಲ. ‘ಎತ್ತತೀರೋ ಇಲ್ಲೋ ಅಂತ ನೋಡಿದ್ನಿರಿ’ ಎಂದ. ನನ್ನನ್ನು ಗುಪ್ತವಾಗಿ ತಪಾಸಣೆ ಮಾಡುತ್ತಿದ್ದನೆಂದು ಕಾಣುತ್ತದೆ.

ಅಂದಿನಿಂದ ದಿನಾ ಮಾಡುತ್ತಾನೆ. ಹಳಿಯಾಳದಲ್ಲಿ ಮಂಜು ಬಿದ್ದದ್ದು, ಮೇಲಿನ ಮನೆಯವರು ಖಾಲಿ ಮಾಡಿದ್ದು, ರೇಣುಕಾಳ ಶಾಲೆಯ ಸುದ್ದಿ, ಹೀಗೆ ಯಾವ ಕಾಲಮ್ಮಿಗೂ ಸೇರದ ಮಾತುಗಳು. ನಾನು ಮೂರನೇ ರಿಂಗಿಗೆ ಎತ್ತುತ್ತೇನೆ. ಎರಡನೆಯದಕ್ಕೇ ಎತ್ತಿದರೆ ಕಾದು ಕೂತಿದ್ದೆ ಎಂದು ತಿಳಿದೀತು. ನೋಟುಬುಕ್ಕಿನಲ್ಲಿ ಅವನ ಹೆಸರಿಗೆ ಒಂದು ಪುಟ ಮಾಡಿದ್ದೇನೆ, ದಿನಕ್ಕೊಂದು ಗುರುತು.

ನಿನ್ನೆ ಹತ್ತೂಕಾಲಾಯಿತು. ಫೋನು ಸುಮ್ಮನಿತ್ತು. ಹತ್ತೂ ಇಪ್ಪತ್ತಾಯಿತು. ಐದು ನಿಮಿಷದ ರಿಯಾಯಿತಿ ಮುಗಿದದ್ದನ್ನು ಮೂರು ಗಡಿಯಾರಗಳೂ ಒಟ್ಟಿಗೆ ಹೇಳಿದವು. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಹತ್ತೂ ಇಪ್ಪತ್ತಾರಕ್ಕೆ ರಿಂಗಾಯಿತು. ಮೊದಲನೆಯದು ಮುಗಿಯುವುದರೊಳಗೆ ಎತ್ತಿಬಿಟ್ಟೆ.

‘ತಡಾ ಆತ್ರಿ. ವಿರುಪಾಕ್ಷಣ್ಣ ಫೋನ್ ಹಚ್ಚಿದ್ದ, ಬಿಡಲೇ ಇಲ್ಲ’ ಎಂದ ನಾಗಪ್ಪ.

ಹನ್ನೊಂದು ನಿಮಿಷ. ಮಾತು ಮುಗಿದ ಮೇಲೆ ನೋಟುಬುಕ್ಕು ತೆರೆದು ನಾಗಪ್ಪನ ಹೆಸರಿನ ಮುಂದೆ ಪೂರ್ತಿ ದಿನ ಹಾಜರ್ ಎಂದು ಬರೆದೆ. ಆಮೇಲೆ ಹೊಸದೊಂದು ಪುಟ ತಿರುವಿ ಮೇಲೆ ವಿರುಪಾಕ್ಷಿಯ ಹೆಸರು ಬರೆದೆ. ಅದರ ಮುಂದೆ ಏನು ಹಾಕಿದೆ ಎಂದು ಮಾತ್ರ ಕೇಳಬೇಡಿ.